ಅಂಗೈ ಯಾವ ಕಡೆಗೆ

ಮೊದಲು ಆ ಶೂ ಬದಲಾಯಿಸು, ಬರ್ನಡೆಟ್.
ನಾಲ್ಕು ಗಂಟೆ ನಿಂತಿರಬೇಕು, ನಿಂತಲ್ಲೇ ನೂಕಿಸಿಕೊಳ್ಳಬೇಕು,
ಮುಂದಿನವನ ಹಿಮ್ಮಡಿ ನಿನ್ನ ಬೆರಳ ಮೇಲೇ ಇಳಿಯುತ್ತೆ.
ಈ ಕೋಟು ನಿನ್ನದು. ಹಳದಿ. ಕೆಟ್ಟದಾಗಿದೆ, ಗೊತ್ತು.
ದೂರದಿಂದ ಕಾಣಲಿ ಅಂತಲೇ ಇಷ್ಟು ಕೆಟ್ಟದು.

ಹೊರಗೆ ಸರೋವರದ ಗಾಳಿ ಶಿಕಾಗೋದ ಕಿವಿ ಕಚ್ಚುತ್ತಿದೆ.
ಒಳಗೆ ಇದು, ನೋಡು: ಎಂಟು ಮೂಲೆಯ ಮೆಟ್ಟಿಲುಬಾವಿ.
ನೀರಿಲ್ಲ. ಗೋಧಿಯೂ ಇಲ್ಲ, ಒಂದು ಕಾಳೂ.
ಗೋಧಿ ಇಂಡಿಯಾನಾದಲ್ಲಿ ಹಿಮದಡಿ ಮಲಗಿದೆ,
ಇನ್ನೂ ತೆನೆ ಕಟ್ಟಿಲ್ಲ, ಇಲ್ಲಿ ಆಗಲೇ ಮೂರು ಸಲ ಮಾರಿಹೋಗಿದೆ.
ಈ ಮೆಟ್ಟಿಲ ಮೇಲೆ ಮಾರ್ಚ್, ಆ ಬದಿಗೆ ಮೇ, ಜುಲೈ ಅಲ್ಲಿ,
ಹೊರಗೆ ಯಾವ ಕಾಲವಾದರೂ ಇರಲಿ.

ದಲ್ಲಾಳಿ ಅಂದರೆ,
ಅಯೋವಾದ ಹಿಟ್ಟಿನ ಗಿರಣಿಯವನು ಫೋನಿನಲ್ಲಿ ಹೇಳಿದ್ದು
ಗುಮಾಸ್ತನ ಚೀಟಿಗಿಳಿದು, ಗಡಿಯಾರದ ಮುದ್ರೆ ಬಿದ್ದು,
ನಿನ್ನ ಕಾಲಲ್ಲಿ ಓಡಿ ನನ್ನ ಕೈಗೆ ಬರುತ್ತಲ್ಲ,
ಅದನ್ನು ಕೂಗುವವನು. ಅಷ್ಟೇ.
ಕೊಳ್ಳುವವನು ನಾನಲ್ಲ, ಮಾರುವವನು ನಾನಲ್ಲ,
ಬಂದ ಲಾಭ ನನ್ನದಲ್ಲ. ಕರಾರಿಗೆ ಒಂದೂವರೆ ಡಾಲರ್ ನನ್ನದು.
ತಪ್ಪು ಮಾತ್ರ ಪೂರ್ತಿ ನನ್ನದು.

ಪರೀಕ್ಷೆ ಇದೆ. ಮಾರ್ಜಿನ್ ಲೆಕ್ಕ, ಕಾನೂನು, ದಪ್ಪ ಪುಸ್ತಕ.
ಬೆರಳಚ್ಚು ತಗೋತಾರೆ, ಹಳೇದೇನಾದರೂ ಇದ್ದರೆ ಈಗಲೇ ಹೇಳಿಬಿಡು.
ಒಬ್ಬರು ನಿನ್ನ ಪರವಾಗಿ ಸಹಿ ಹಾಕಬೇಕು. ನಾನು ಹಾಕ್ತೀನಿ,
ಮೂರು ವರ್ಷ ಓಡಿದ ಮೇಲೆ.
ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತಾರೆ,
ಇಲ್ಲಿ ಬರಗಾಲ ಬಂದರೇ ಬಾಯಿಗೆ ಕೆಲಸ.
ನನ್ನ ಗಂಟಲಲ್ಲಿ ಎರಡು ಗಂಟು. ಮಾತಾಡಬೇಡ ಅಂದರು ಡಾಕ್ಟರು,
ಹೆಂಡತಿಗೆ ಅದನ್ನೂ ಕಿರುಚಿಯೇ ಹೇಳಿದೆ.

ಆದರೆ ಬಾಯಿಗಿಂತ ಕೈ ದೊಡ್ಡದು.
ಅಂಗೈ ನಿನ್ನತ್ತ ಇದ್ದರೆ ಕೊಳ್ತೀಯ, ಬಾಚಿ ಎದೆಗೆಳೆದುಕೊಂಡ ಹಾಗೆ.
ಹೊರಗೆ ತಿರುಗಿದರೆ ಮಾರ್ತೀಯ, ಸಾಕು ಒಯ್ಯಿ ಅಂದ ಹಾಗೆ.
ಗದ್ದಕ್ಕೆ ಬೆರಳಿಟ್ಟರೆ ಬಿಡಿ, ಹಣೆಗಿಟ್ಟರೆ ಹತ್ತರ ಲೆಕ್ಕ.
ಇಷ್ಟೇ ಅಕ್ಷರಮಾಲೆ. ಇದರಲ್ಲೇ ಮನೆ ಕಟ್ಟಿದವರಿದ್ದಾರೆ,
ಇದರಲ್ಲೇ ಮನೆ ಕಳೆದ ಡೆಸ್ಮಂಡ್ ರಾಫರ್ಟಿ ಇದ್ದಾನೆ,
ಈಗ ಟ್ಯಾಕ್ಸಿ ಓಡಿಸ್ತಾನೆ.

ಪರೀಕ್ಷೆಯಲ್ಲಿ ಬರದ ಒಂದು ಮಾತು, ಕೇಳು.
ನನ್ನ ಎರಡನೇ ವರ್ಷ. ಎರಡು ಬಸ್ಸು ಬದಲಿಸಿ
ನನ್ನಮ್ಮ ಓನಾ ಬಂದಿದ್ದಳು, ಚರ್ಚಿನ ಹ್ಯಾಟು ಹಾಕಿಕೊಂಡು,
ಮೇಲೆ ಗಾಜಿನ ಹಿಂದೆ, ಪ್ರವಾಸಿಗಳ ಸಾಲಲ್ಲಿ.
ಮಗನದು ಗೋಧಿ ಅಂಗಡಿ ಅಂದುಕೊಂಡಿದ್ದಳು.
ನನ್ನ ಕೈಯಲ್ಲಿ ಚೀಟಿ: ಇಪ್ಪತ್ತು ಕೊಳ್ಳು.
ತಲೆಯೆತ್ತಿದೆ. ಅವಳು ಕರವಸ್ತ್ರ ಬೀಸಿದಳು.
ನಾನೂ, ಎರಡು ಬೆರಳು ಹಣೆಗೆ ಮುಟ್ಟಿಸಿ,
ಸಿಪಾಯಿಯ ಹಾಗೆ, ಕೈ ಬೀಸಿದೆ.

ಐದು ಬೆರಳು. ಅಂಗೈ ಹೊರಗೆ.

‘ತಗೊಂಡೆ!’ ಆಚೆ ಮೆಟ್ಟಿಲಿಂದ ಕೂಗು.
ಇಪ್ಪತ್ತು, ಮೂರು ಹದಿನೈದಕ್ಕೆ. ಬರೆದೂ ಆಯ್ತು.
ಅಮ್ಮನಿಗೆ ಕೈಬೀಸಿದ್ದು ಕಣೋ, ಅನ್ನಬಹುದಿತ್ತು.
ಹಾಗಂದವನ ಕೈಯನ್ನು ಮರುದಿನ ಯಾರೂ ನೋಡಲ್ಲ.
ಮೂರು ಸೆಂಟು ಏರಿತು. ನಲವತ್ತು ಕೊಂಡು ಸರಿಮಾಡಿದೆ.
ಆರು ಸಾವಿರ ಡಾಲರ್. ಒಂದೂವರೆಯಂತೆ
ನಾಲ್ಕು ಸಾವಿರ ಕರಾರು ಕೂಗಿದರೆ ತೀರುತ್ತೆ.
ತೀರಿತು, ಗಂಟಲಿನ ಗಂಟು ಉಳಿಯಿತು.

ಅಮ್ಮ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು:
ಅಷ್ಟು ಜನ ಅರಚುವವರ ನಡುವೆ ನನ್ನ ಕಾಜೀಸ್
ಕೆಲಸ ನಿಲ್ಲಿಸಿ ಕೈ ಬೀಸಿದ, ಅಂತ.
ಅದಕ್ಕೆ ಎಷ್ಟಾಯ್ತು ಅಂತ ನಾನು ಹೇಳಲಿಲ್ಲ.
ಹುಣ್ಣು ಅಂಗೈಯಲ್ಲೇ ಇತ್ತು, ಕನ್ನಡಿ ಬೇಕಿರಲಿಲ್ಲ.

ಆಮೇಲಿಂದ ಯಾರನ್ನು ಕಳಿಸುವಾಗಲೂ
ಅಂಗೈ ನನ್ನ ಕಡೆಗೇ ತಿರುಗಿಸಿ ಆಡಿಸ್ತೀನಿ.
ರೈಲಿಗೆ ಹೊರಟವರು, ಕರೆದ ಅಂದುಕೊಂಡು,
ಪೆಟ್ಟಿಗೆ ಹೊತ್ತು ವಾಪಸ್ ಬರ್ತಾರೆ.
ಏನು, ಅಂತಾರೆ. ಏನಿಲ್ಲ, ಅಂತೀನಿ.

ಗಂಟೆ ಹೊಡೆಯೋಕೆ ಇನ್ನಾರು ನಿಮಿಷ.
ಮೇಲೆ ನೋಡಬೇಡ, ಗಾಜಿನ ಹಿಂದೆ ಯಾರೇ ಬಂದಿರಲಿ.
ಎಲ್ಲಿ, ಇಪ್ಪತ್ತು ಕೊಳ್ಳು. ತೋರಿಸು.